ಎರಡು ಬೆರಳು ಸಡಿಲ

ಚೆನ್ನೈಯಲ್ಲಿ ನೆಲೆಸಿದ ಕನ್ನಡಿಗನಿಗೆ ಊರಿನವರು ಒಂದಷ್ಟು ಖಾತೆಗಳನ್ನು ಕೇಳದೆಯೇ ವಹಿಸಿಬಿಟ್ಟಿರುತ್ತಾರೆ. ಮೊದಲನೆಯದು ಕಣ್ಣಿನ ಖಾತೆ. ಕೋಲಾರ ಜಿಲ್ಲೆಯಲ್ಲಿ ಯಾರಿಗೆ ಪೊರೆ ಬಂದರೂ ಶಂಕರ ನೇತ್ರಾಲಯದ ಬಾಗಿಲಲ್ಲಿ ನಾನು ನಿಂತಿರುತ್ತೇನೆಂದೇ ನಮ್ಮ ಬಂಧುಬಳಗದ ನಂಬಿಕೆ. ಎರಡನೆಯದು ಸೀರೆಯ ಖಾತೆ, ಅದು ನನ್ನ ಹೆಂಡತಿಯ ಪಾಲಿನದು. ಕಂಚಿಗೂ ನಮ್ಮ ಮನೆಗೂ ಸುಮಾರು 75 ಕಿಲೋಮೀಟರು ಎಂದು ಮದುವೆ ಗೊತ್ತಾದ ಮನೆಯವರಿಗೆ ಹೇಳಿ ಪ್ರಯೋಜನವಿಲ್ಲ. ಕನ್ನಡ ಚಿತ್ರಗಳು ಕೋಡಂಬಾಕ್ಕಂನಲ್ಲೇ ತಯಾರಾಗುತ್ತಿದ್ದ ಕಾಲದಲ್ಲಿ ಸಿನಿಮಾ ಖಾತೆಯೂ ಇತ್ತು. ರಾಜ್‌ಕುಮಾರ್ ಈ ಊರಲ್ಲೇ ಮನೆ ಮಾಡಿಕೊಂಡಿದ್ದಾಗ ಮದ್ರಾಸಿನಿಂದ ಬಂದವನನ್ನು ಊರಲ್ಲಿ ಊಟ ಆಯಿತಾ ಎಂದು ಕೇಳುವುದಕ್ಕೆ ಮೊದಲು "ನೋಡಿದೆಯಾ?" ಎಂದು ಕೇಳುತ್ತಿದ್ದರು. ಬೋರ್‌ವೆಲ್ಲಿನ ಪಂಪು ಸುಟ್ಟರೂ ಫೋನು ಇಲ್ಲಿಗೇ. ಪಂಪು ಕೊಯಮತ್ತೂರಿನದು, ಅದು ಇಲ್ಲಿಂದ 500 ಕಿಲೋಮೀಟರು ಎಂದರೆ, "ಅದೂ ತಮಿಳ್ನಾಡೇ ಅಲ್ವಾ" ಎನ್ನುತ್ತಾರೆ.

ಇವನ್ನೆಲ್ಲ ಹೇಗೋ ನಿಭಾಯಿಸಿಕೊಂಡು, ಕೆಲವನ್ನು ಜಾರಿಸಿಕೊಂಡು ಬಂದಿದ್ದೇನೆ. ಟ್ರ್ಯಾಕ್ಟರಿನ ಖಾತೆಯನ್ನು ಮಾತ್ರ ಜಾರಿಸಲಾಗಲಿಲ್ಲ. ನಮ್ಮ ಮನೆ ಪೆರಂಬೂರಿನಲ್ಲಿ. ಪಕ್ಕದ ಸೆಂಬಿಯಂ ಎಂದರೆ ಟಾಫೆ ಕಾರ್ಖಾನೆ. ದೊಡ್ಡಪ್ಪನ ಮಗನ ಮನೆಯ ಕೆಂಪು ಟ್ರ್ಯಾಕ್ಟರಿನ ತವರು ಅದೇ ಎಂದು ಮನೆಮಂದಿಗೆಲ್ಲ ಗೊತ್ತು. ಅಲ್ಲಿಗೆ ತವರಿನ ಕಡೆಯಿಂದ ಜವಾಬು ಹೇಳಬೇಕಾದವನು ನಾನು ಎಂದು ತೀರ್ಮಾನವಾಯಿತು.

"ಏನಪ್ಪಾ ಮದ್ರಾಸು, ಬಿಡುವಾಗಿದ್ದೀಯಾ?" ಎಂದ ಅಣ್ಣ. ನಿವೃತ್ತನನ್ನು ಹೀಗೆ ಕೇಳುವುದು ಬರೀ ಮರ್ಯಾದೆಗೆ. "ರೋಟವೇಟರ್ ಅಲ್ಲಾಡ್ತದೆ ಕಣೋ. ದಿಬ್ಬಣದಲ್ಲಿ ಕುಡಿದೋನು ಬರ್ತಾನಲ್ಲ, ಹಂಗೆ. ಆ ಕಡೆ ವಾಲಿದ್ರೆ ಟೈರಿಗೆ ಉಜ್ತದೆ. ಈ ಕಡೆ ವಾಲಿ ನಿನ್ನೆ ಬದುವಿನ ಪಕ್ಕದ ಡ್ರಿಪ್ ವಾಲ್ವು ಕಿತ್ತಾಕಿಬಿಡ್ತು. ಅಲ್ಲೇ ಇದ್ದೀಯಲ್ಲ, ಕೇಳಿ ಹೇಳು."

ನಾನು ಬ್ಯಾಂಕಿನಲ್ಲಿ ಕೆಲಸ ಮಾಡಿದವನು. ಟ್ರ್ಯಾಕ್ಟರುಗಳನ್ನು ಬೇಕಾದಷ್ಟು ಕಂಡಿದ್ದೇನೆ, ಆದರೆ ಕಾಗದದ ಮೇಲೆ. ಸಾಲದ ಅರ್ಜಿಯ ಜೊತೆ ಡೀಲರು ಕೊಟ್ಟ ಕೊಟೇಶನ್ ಬರುತ್ತಿತ್ತು: ಟ್ರ್ಯಾಕ್ಟರು, ಟ್ರೈಲರು, ಒಂಬತ್ತು ಹಲ್ಲಿನ ಕಲ್ಟಿವೇಟರು, ಕೇಜ್ ವೀಲು. ಹುಕ್ಕು, ಟಾಪ್ ಲಿಂಕು, ಡ್ರಾ ಬಾರು ಕೊನೆಯಲ್ಲಿ ಸಣ್ಣ ಅಕ್ಷರದಲ್ಲಿ. ಒಂದೊಂದರ ಬೆಲೆಯನ್ನೂ ಕೂಡಿ, ಮಾರ್ಜಿನ್ ಕಳೆದು, ಸಾಲ ಮಂಜೂರು ಮಾಡಿದ್ದೇನೆ. ಟಾಪ್ ಲಿಂಕು ಟ್ರ್ಯಾಕ್ಟರಿನ ಯಾವ ಮೂಲೆಯಲ್ಲಿರುತ್ತದೆ ಎಂದು ಇಷ್ಟು ವರ್ಷದಲ್ಲಿ ಒಬ್ಬ ಆಡಿಟರೂ ನನ್ನನ್ನು ಕೇಳಲಿಲ್ಲ.

ಸೆಂಬಿಯಂ ಬಗ್ಗೆ ಎರಡು ಮಾತು ಹೇಳಬೇಕು. ಚೆನ್ನೈ ಎಂದರೆ ಮರೀನಾ, ಮೈಲಾಪುರ, ಡಿಸೆಂಬರ್ ಕಚೇರಿ ಎಂದುಕೊಂಡವರು ಈ ಕಡೆ ಬರುವುದಿಲ್ಲ. ಇದು ಕಬ್ಬಿಣ ಬಡಿಯುವ ಚೆನ್ನೈ. 1955ರಲ್ಲಿ ಶುರುವಾದ ರೈಲು ಬೋಗಿಗಳ ಕಾರ್ಖಾನೆ ಒಂದು ಮಗ್ಗುಲಿಗೆ, ಸಿಂಪ್ಸನ್ ಕಂಪನಿಯ ಎಂಜಿನ್ನು, ಪಿಸ್ಟನ್ನು, ಟ್ರ್ಯಾಕ್ಟರುಗಳ ಕಾರ್ಖಾನೆಗಳು ಇನ್ನೊಂದು ಮಗ್ಗುಲಿಗೆ. ಈ ಎರಡನೆಯ ಮಗ್ಗುಲಿನ ವಿಳಾಸ ಹುಜೂರ್ ಗಾರ್ಡನ್ಸ್. ಹೆಸರು ಕೇಳಿದರೆ ಯಾವುದೋ ನವಾಬನು ಗುಲಾಬಿ ಮೂಸುತ್ತಾ ಅಡ್ಡಾಡಿದ ತೋಟ ಕಣ್ಣಿಗೆ ಕಟ್ಟುತ್ತದೆ. ಹೋಗಿ ನೋಡಿದರೆ ಉದ್ದನೆಯ ಕಾಂಪೌಂಡು ಗೋಡೆ, ಶಿಫ್ಟು ಬದಲಾಗುವ ಹೊತ್ತಿಗೆ ಸೈಕಲ್ಲು, ಮೋಟರ್‌ಸೈಕಲ್ಲು, ಟೀ ಅಂಗಡಿ. ಸಿಂಪ್ಸನ್ ಹುಟ್ಟಿದ್ದು 1840ರಲ್ಲಿ, ಕುದುರೆ ಸಾರೋಟು ಕಟ್ಟುವ ಅಂಗಡಿಯಾಗಿ. ಮೌಂಟ್ ರೋಡಿನಲ್ಲಿ ಈಗಲೂ ಅದರ ಹೆಸರಿನ ಬಸ್‌ಸ್ಟಾಪ್ ಇದೆ. ಸಾರೋಟಿನಿಂದ ಮೋಟಾರು, ಅದರಿಂದ ಡೀಸೆಲ್ ಎಂಜಿನ್ನು, ಹೀಗೆ ಕಾಲಕ್ಕೆ ತಕ್ಕಂತೆ ಕುದುರೆ ಬದಲಿಸುತ್ತಾ ಬಂದು, ಅನಂತರಾಮಕೃಷ್ಣನ್ ಅವರ ಅಮಾಲ್ಗಮೇಷನ್ಸ್ ಸಮೂಹದ ಕೈಗೆ ಸೇರಿತು. ಅದೇ ಸಮೂಹ 1960ರಲ್ಲಿ ಮ್ಯಾಸಿ ಫರ್ಗುಸನ್ ಸಹಯೋಗದಲ್ಲಿ ಟಾಫೆಯನ್ನು ಕಟ್ಟಿತು.

ನನಗೆ ಇದರಲ್ಲಿ ಬಹಳ ಹಿಡಿಸಿದ ಸಂಗತಿ ಬೇರೆ. ಮೌಂಟ್ ರೋಡಿನ ಹಿಗ್ಗಿನ್‌ಬಾಥಮ್ಸ್ ಪುಸ್ತಕದಂಗಡಿಯೂ ಇದೇ ಸಮೂಹದ್ದು. 1844ರ ಅಂಗಡಿ ಅದು, ಬೆಂಗಳೂರಿನ ಎಂ.ಜಿ. ರೋಡಿನಲ್ಲೂ ಶಾಖೆ ಇತ್ತು. ಒಂದೇ ಮನೆತನದವರು ಒಂದು ಕೈಯಲ್ಲಿ ನೇಗಿಲೂ ಇನ್ನೊಂದು ಕೈಯಲ್ಲಿ ಪುಸ್ತಕವೂ ಮಾರಿದ್ದನ್ನು ಕಂಡರೆ, ಓದು ಹತ್ತದಿದ್ದರೆ ಹೊಲ ಉಳು ಎಂದು ಮಕ್ಕಳನ್ನು ಗದರಿಸುವ ನಮ್ಮ ಕಡೆಯ ತಂದೆಯರು ಎರಡಕ್ಕೂ ದುಡ್ಡು ಅಲ್ಲಿಗೇ ಕಟ್ಟಿದರಲ್ಲ ಎನ್ನಿಸುತ್ತದೆ. ಇದಕ್ಕೂ ರೋಟವೇಟರಿಗೂ ಏನೂ ಸಂಬಂಧವಿಲ್ಲ. ಮುಂದೆ ಹೋಗೋಣ.

ಕಾರ್ಖಾನೆಯ ಗೇಟಿಗೆ ಹೋಗಿ "ನಮ್ಮಣ್ಣನ ರೋಟವೇಟರ್ ಅಲ್ಲಾಡುತ್ತದೆ" ಎಂದು ವಾಚ್‌ಮನ್ನಿಗೆ ಹೇಳುವ ಧೈರ್ಯ ನನಗಿಲ್ಲ. ಅದರ ಅಗತ್ಯವೂ ಬೀಳಲಿಲ್ಲ. ನಮ್ಮ ಮಹಡಿ ಮನೆಯವರು ಸೆಂಬಿಯಂನಲ್ಲೇ ದುಡಿದು ರಿಟೈರಾದವರು. ಬೆಳಿಗ್ಗೆ ದಿನತಂದಿ, ಸಂಜೆ ಮುರುಗನ ಗುಡಿ, ನಡುವೆ ಇಡೀ ಬೀದಿಯ ಮಿಕ್ಸಿ ರಿಪೇರಿ. ವಿಷಯ ಕೇಳಿದ್ದೇ ತಡ, ದಿನತಂದಿ ಮಡಿಚಿಟ್ಟು "ಚೈನ್ ಪಾತ್ತೀಂಗಳಾ ಸಾರ್?" ಎಂದರು. ಯಾವ ಚೈನು ಎಂದು ನಾನು ಕೇಳಿದ ಧಾಟಿಯಲ್ಲೇ ಅವರಿಗೆ ಎಲ್ಲಿಂದ ಪಾಠ ಶುರುಮಾಡಬೇಕೆಂದು ತಿಳಿದುಹೋಯಿತು.

ಅವರು ಬನಿಯನ್ನಿನಲ್ಲೇ ಎದ್ದು, ನನಗೆ ಬೆನ್ನು ತಿರುಗಿಸಿ ನಿಂತು, ಎರಡೂ ಕೈ ಹಿಂದಕ್ಕೆ ಚಾಚಿ ನಾನು ಕೂತಿದ್ದ ಪ್ಲಾಸ್ಟಿಕ್ ಕುರ್ಚಿಯ ತೋಳುಗಳನ್ನು ಹಿಡಿದುಕೊಂಡರು. ಈಗ ಅವರು ಟ್ರ್ಯಾಕ್ಟರು, ನಾನು ರೋಟವೇಟರು. ಅವರ ಎರಡು ಕೈ ಕೆಳಗಿನ ಎರಡು ಲಿಂಕು. ಮೇಲಿನದು ಟಾಪ್ ಲಿಂಕು, ಅದಕ್ಕೆ ಅವರಲ್ಲಿ ಮೂರನೆಯ ಕೈ ಇರಲಿಲ್ಲ. ಹೆಂಡತಿಯನ್ನು ಕರೆದು ಪೊರಕೆ ತರಿಸಿ, ಅದರ ಒಂದು ತುದಿ ತಮ್ಮ ಕುತ್ತಿಗೆಗೂ ಇನ್ನೊಂದು ನನ್ನ ಎದೆಗೂ ಆತುಕೊಳ್ಳುವಂತೆ ಹಿಡಿಸಿದರು. ಆಕೆ ಪೊರಕೆ ಹಿಡಿದು, ಒಲೆಯ ಮೇಲಿನ ಹಾಲಿನ ಕಡೆ ಕಿವಿಯಿಟ್ಟು ನಿಂತರು. ಎರಡು ಕೈ, ಒಂದು ಪೊರಕೆ: ಸಲಕರಣೆಯನ್ನು ಹಿಡಿಯುವ ಮೂರು ಬಿಂದು ಇಷ್ಟೇ. ಲೋಕದ ಬಹುಪಾಲು ಟ್ರ್ಯಾಕ್ಟರುಗಳ ಬೆನ್ನಿಗೆ ಬಹುಪಾಲು ಸಲಕರಣೆಗಳು ತಗುಲಿಕೊಳ್ಳುವುದು ಹೀಗೆಯೇ.

ಆಮೇಲೆ ಅವರು ಸೊಂಟ ಕುಣಿಸಿದರು. ನನ್ನ ಕುರ್ಚಿ ಎಡಕ್ಕೂ ಬಲಕ್ಕೂ ತೊನೆಯಿತು. ಲಿಂಕುಗಳ ಎರಡು ತುದಿಯಲ್ಲೂ ಗುಂಡುಗಳಿವೆ, ಅವು ಎತ್ತಲೂ ತಿರುಗುತ್ತವೆ. ಆದ್ದರಿಂದ ತಡೆಯದೆ ಬಿಟ್ಟರೆ ಹಿಂದಿನ ಸಲಕರಣೆ ಪಕ್ಕಕ್ಕೆ ಓಲಾಡುತ್ತದೆ, ಟೈರಿಗೂ ತಾಗುತ್ತದೆ. ಈ ಓಲಾಟಕ್ಕೆ ಲಗಾಮು ಹಾಕಲು ಎರಡು ಕಡೆಯೂ ಒಂದೊಂದು ಸರಪಳಿ. ಕೆಲವು ಟ್ರ್ಯಾಕ್ಟರುಗಳಲ್ಲಿ ಸರಪಳಿಯ ಬದಲು ಸಲಾಕೆ. ಸರಪಳಿಯ ನಡುವೆ ಟರ್ನ್‌ಬಕಲ್ ಇರುತ್ತದೆ. ಅದನ್ನು ತಿರುವಿದರೆ ಬಿಗಿಯಾಗುತ್ತದೆ, ಹಿಂದಕ್ಕೆ ತಿರುವಿದರೆ ಸಡಿಲವಾಗುತ್ತದೆ. ಹೆಗಲ ಮೇಲಿನ ಟವೆಲನ್ನು ಸರಪಳಿಯಾಗಿ ಮಣಿಕಟ್ಟಿಗೆ ಬಿಗಿದು ಇದನ್ನೂ ಅವರು ತೋರಿಸಿದರು. ಅಷ್ಟರಲ್ಲಿ ಹಾಲು ಉಕ್ಕಿತು. ಟಾಪ್ ಲಿಂಕು ಅಡುಗೆಮನೆಗೆ ಓಡಿತು.

"ಹಾಗಿದ್ದರೆ ಬಿಗಿಯಾಗಿ ಕಟ್ಟಿಬಿಟ್ಟರೆ ಆಯಿತಲ್ಲ" ಎಂದೆ. ಅವರು ನನ್ನತ್ತ ನೋಡಿದ ನೋಟವನ್ನು ನಾನು ಬ್ಯಾಂಕಿನಲ್ಲಿ ಬಡ್ಡಿಲೆಕ್ಕ ತಪ್ಪಾಗಿ ಹಾಕಿದ ಹೊಸ ಗುಮಾಸ್ತರ ಮೇಲೆ ಬೀರಿದ್ದುಂಟು. ಎಲ್ಲದಕ್ಕೂ ಬಿಗಿ ಸಲ್ಲದು ಎಂದರು. ರೋಟವೇಟರು, ಬಿತ್ತನೆಯ ಡ್ರಿಲ್ಲು, ಔಷಧಿ ಹೊಡೆಯುವ ಸ್ಪ್ರೇಯರು, ಸಾಲಿನ ನಡುವೆ ಕಳೆ ಕೀಳುವ ಸಲಕರಣೆ, ಇವಕ್ಕೆ ಬಿಗಿ ಬೇಕು. ರೋಟವೇಟರಿಗೆ ಟ್ರ್ಯಾಕ್ಟರಿನಿಂದ ಪಿಟಿಒ ಶಾಫ್ಟು ಹೋಗಿ ಅಲಗುಗಳನ್ನು ತಿರುಗಿಸುತ್ತದೆ, ಅದು ಪಕ್ಕಕ್ಕೆ ಎಗರಾಡಿದರೆ ಶಾಫ್ಟಿನ ಕೀಲಿಗೂ ಕೇಡು, ಟೈರಿಗೂ ಕೇಡು. ಆದರೆ ನೆಲ ಮಗುಚುವ ನೇಗಿಲು ಹಾಕಿದಾಗ ಸರಪಳಿ ಸಡಿಲವೇ ಇರಬೇಕು. ನೇಗಿಲಿನ ಕುಳ ನೆಲದೊಳಗೆ ಹೂತಿರುತ್ತದೆ. ಬಿಗಿದು ಕಟ್ಟಿದ್ದರೆ ಸ್ಟೇರಿಂಗ್ ತುಸು ತಿರುಗಿಸಿದರೂ ಹೂತ ನೇಗಿಲು ಪಕ್ಕಕ್ಕೆ ತಿರುಚಿಕೊಳ್ಳಬೇಕು. ಡ್ರೈವರು ತಿರುಗಿಸಲಾರ, ನೇಗಿಲು ಜರುಗಲಾರದು, ನಡುವೆ ಸಿಕ್ಕಿದ ಬ್ರಾಕೆಟ್ಟು ಮುರಿಯುತ್ತದೆ.

ಈ ಮೂರು ಬಿಂದುವಿನ ಏರ್ಪಾಟನ್ನು ಮಾಡಿದ ಪುಣ್ಯಾತ್ಮನ ಕಥೆ ದೊಡ್ಡದು. ಹ್ಯಾರಿ ಫರ್ಗುಸನ್ ಉತ್ತರ ಐರ್ಲೆಂಡಿನ ರೈತನ ಮಗ, ಹುಟ್ಟಿದ್ದು 1884ರಲ್ಲಿ. ಹೊಲದ ಕೆಲಸ ಎಂದರೆ ಆಗದು. ಆದ್ದರಿಂದ ಮೋಟಾರು ರಿಪೇರಿಗೆ ಹೋದ, ಅಲ್ಲಿಂದ ವಿಮಾನಕ್ಕೆ. 1909ರ ಡಿಸೆಂಬರ್ 31ರಂದು ತಾನೇ ಕಟ್ಟಿದ ವಿಮಾನದಲ್ಲಿ ಹಾರಿ, ಐರ್ಲೆಂಡಿನಲ್ಲಿ ಮೊದಲು ಹಾರಿದವನು ಎನ್ನಿಸಿಕೊಂಡ. ಹೊಲ ಬೇಡವೆಂದು ಆಕಾಶಕ್ಕೆ ಹೋದವನನ್ನು ಮೊದಲನೆಯ ಮಹಾಯುದ್ಧ ಮತ್ತೆ ಹೊಲಕ್ಕೆ ಎಳೆಯಿತು. ಆಹಾರ ಬೆಳೆಯುವ ಒತ್ತಾಯದಲ್ಲಿ ಸರ್ಕಾರ ಟ್ರ್ಯಾಕ್ಟರುಗಳ ಮೇಲ್ವಿಚಾರಣೆಯನ್ನು ಅವನಿಗೆ ವಹಿಸಿತು. ಆ ಕಾಲದ ಟ್ರ್ಯಾಕ್ಟರುಗಳು ನೇಗಿಲನ್ನು ಸರಪಳಿಯಲ್ಲಿ ಕಟ್ಟಿಕೊಂಡು ಎಳೆಯುತ್ತಿದ್ದವು. ನೇಗಿಲು ಕಲ್ಲಿಗೋ ಬೇರಿಗೋ ಸಿಕ್ಕಿಬಿದ್ದರೆ ಟ್ರ್ಯಾಕ್ಟರು ಮುಂಗಾಲೆತ್ತಿ, ಹಿಂದಕ್ಕೆ ಮಗುಚಿ, ಡ್ರೈವರನ ಮೇಲೆಯೇ ಬೀಳುತ್ತಿತ್ತು.

ಫರ್ಗುಸನ್ ನೇಗಿಲನ್ನು ಎಳೆಯುವ ಹೊರೆಯಾಗಿ ಬಿಡದೆ ಟ್ರ್ಯಾಕ್ಟರಿನ ಮೈಗೇ ಸೇರಿಸಿದ. ಕೆಳಗಿನ ಲಿಂಕುಗಳು ಎಳೆಯುತ್ತವೆ, ಮೇಲಿನದು ಒತ್ತುತ್ತದೆ. ನೇಗಿಲು ಸಿಕ್ಕಿಬಿದ್ದಾಗ ಆ ಒತ್ತು ಟ್ರ್ಯಾಕ್ಟರಿನ ಮೂತಿಯನ್ನು ನೆಲಕ್ಕೆ ಅದುಮುತ್ತದೆ. ಅಷ್ಟೇ ಅಲ್ಲ, ಮೇಲಿನಿಂದ ನೋಡಿದರೆ ಕೆಳಗಿನ ಎರಡು ಲಿಂಕುಗಳೂ ಸಮಾಂತರವಾಗಿಲ್ಲ, ಮುಂದಕ್ಕೆ ಹೋಗುತ್ತಾ ಒಂದರ ಹತ್ತಿರ ಇನ್ನೊಂದು ಬರುತ್ತವೆ. ಅವುಗಳ ಗೆರೆ ಮುಂದುವರಿಸಿದರೆ ಮುಂದಿನ ಚಕ್ರಗಳ ಆಸುಪಾಸಿನಲ್ಲಿ ಕೂಡುತ್ತವೆ. ಹಾಗಾಗಿ ನೇಗಿಲನ್ನು ಟ್ರ್ಯಾಕ್ಟರಿನ ಹಿಂದಿನಿಂದಲ್ಲ, ಮೂತಿಯಿಂದ ಯಾರೋ ಎಳೆದಷ್ಟು ಫಲ. ಪಕ್ಕಕ್ಕೆ ಸರಿದರೂ ಎಳೆತದ ಜೋರಿಗೆ ತಾನಾಗಿಯೇ ನಡುವಿಗೆ ಮರಳುತ್ತದೆ. ಆದರೆ ಮರಳಬೇಕಾದರೆ ಮೊದಲು ಸರಿಯಲು ಜಾಗ ಇರಬೇಕಲ್ಲ? ಆ ಜಾಗವೇ ನಮ್ಮಣ್ಣ ಫೋನಿನಲ್ಲಿ ದೂರಿದ ಓಲಾಟ. ಕೆಟ್ಟುಹೋದ ಯಂತ್ರದ ಲಕ್ಷಣ ಎಂದು ನಾವು ತಿಳಿದದ್ದನ್ನು ಆತ ಲೆಕ್ಕ ಹಾಕಿ ಇಟ್ಟಿದ್ದ. ಅದು ಎಷ್ಟಿರಬೇಕು ಎಂಬುದಕ್ಕೆ ಮಾತ್ರ ಸರಪಳಿ.

ಇಂಥ ಬುದ್ಧಿವಂತ ವ್ಯವಹಾರದಲ್ಲಿ ಮಾತ್ರ ಸರಪಳಿಯನ್ನು ಬಲು ಸಡಿಲ ಬಿಟ್ಟ. 1938ರಲ್ಲಿ ಹೆನ್ರಿ ಫೋರ್ಡನ ಮನೆಯಂಗಳಕ್ಕೆ ಹೋಗಿ, ಟ್ರ್ಯಾಕ್ಟರ್ ಓಡಿಸಿ, ಮೇಜಿನ ಮೇಲೆ ಕೀಲಿಕೊಡುವ ಆಟಿಕೆಯನ್ನಿಟ್ಟು ತನ್ನ ಉಪಾಯ ವಿವರಿಸಿದ. ಇಬ್ಬರೂ ಕೈ ಕುಲುಕಿದರು. ಕಾಗದವಿಲ್ಲ, ಸಹಿ ಇಲ್ಲ, ಸಾಕ್ಷಿ ಇಲ್ಲ. ಬ್ಯಾಂಕಿನವನಾಗಿ ಇದನ್ನು ಓದುವಾಗ ನನಗೆ ಎದೆ ಡವಗುಟ್ಟಿತು. ಡವಗುಟ್ಟಿದ್ದು ಸರಿಯಾಗಿತ್ತು. ಹೆನ್ರಿ ಫೋರ್ಡನ ಮೊಮ್ಮಗ ಪಟ್ಟಕ್ಕೆ ಬಂದು ಒಪ್ಪಂದವನ್ನು ಕೈಬಿಟ್ಟ. ಫರ್ಗುಸನ್ 25 ಕೋಟಿ 10 ಲಕ್ಷ ಡಾಲರಿನ ದಾವೆ ಹೂಡಿದ. 1952ರಲ್ಲಿ 92.5 ಲಕ್ಷ ಡಾಲರಿಗೆ ರಾಜಿಯಾಯಿತು. ಮರುವರ್ಷ ಕೆನಡಾದ ಮ್ಯಾಸಿ ಹ್ಯಾರಿಸ್ ಕಂಪನಿಯ ಜೊತೆ ಸೇರುವಾಗ ಲೆಕ್ಕದಲ್ಲಿ ಹತ್ತು ಲಕ್ಷ ಡಾಲರಿನ ತಕರಾರು ಎದ್ದಿತು. ಆತ ನಾಣ್ಯ ಚಿಮ್ಮಿ ತೀರ್ಮಾನಿಸೋಣವೆಂದ. ಚಿಮ್ಮಿದರು, ಸೋತ. ನಮ್ಮ ಕಡೆಯ ಸಂತೆಯಲ್ಲಿ ಎಮ್ಮೆ ವ್ಯಾಪಾರ ಕೂಡ ಇದಕ್ಕಿಂತ ಹುಷಾರಾಗಿ, ಟವೆಲಿನಡಿ ಬೆರಳು ಹಿಡಿದು ನಡೆಯುತ್ತದೆ. ಹಾಗೆ ಕೂಡಿಕೊಂಡ ಮನೆತನದ ಹೆಸರು ಮುಂದೆ ಮ್ಯಾಸಿ ಫರ್ಗುಸನ್ ಆಯಿತು. ಎಡ್ಮಂಡ್ ಹಿಲರಿ 1958ರ ಜನವರಿಯಲ್ಲಿ ದಕ್ಷಿಣ ಧ್ರುವಕ್ಕೆ ಹೋದದ್ದು ಚಕ್ರಕ್ಕೆ ಪಟ್ಟಿ ಸುತ್ತಿದ ಫರ್ಗುಸನ್ ಟ್ರ್ಯಾಕ್ಟರುಗಳಲ್ಲೇ. ಸೆಂಬಿಯಂ ಕಡೆ ಟಾಫೆ ಹುಟ್ಟಿದ 1960ರಲ್ಲೇ ಫರ್ಗುಸನ್ ತೀರಿಕೊಂಡ.

ಇಷ್ಟನ್ನೆಲ್ಲ ಫೋನಿನಲ್ಲಿ ಹೇಳಿದಾಗ ಅಣ್ಣ ತಾಳ್ಮೆಯಿಂದ ಕೇಳಿ, "ಅದೆಲ್ಲ ಸರಿ, ನಮ್ಮ ರೋಟವೇಟರ್?" ಎಂದ. ಅತ್ತಿಗೆ ಹಿಂದಿನಿಂದ, "ಅವರನ್ನೇ ಒಂದ್ಸಲ ಬಂದು ಹೋಗೋಕೆ ಹೇಳಿ, ಅವರೆಕಾಯಿ ಬಂದೈತೆ" ಎಂದದ್ದು ಕೇಳಿಸಿತು. ಅವರೆಕಾಯಿಯ ಮುಂದೆ ನನ್ನ ತತ್ವಗಳು ನಿಲ್ಲುವುದಿಲ್ಲ. ಬಂಗಾರಪೇಟೆಗೆ ಟಿಕೆಟ್ ಮಾಡಿಸಿದೆ.

ರೈಲಿನಲ್ಲೂ ಆ ಗುಂಗೇ. ಹೊರಡುವಾಗ ಬೋಗಿಗೊಂದು ಜಗ್ಗು ಬಂತಲ್ಲ, ಅದೂ ಬೋಗಿಗಳ ಕೊಂಡಿಯ ನಡುವಿನ ಸಡಿಲದ್ದೇ ಎಂದು ಪಕ್ಕದವರಿಗೆ ಹೇಳಹೋದೆ. ಪೆರಂಬೂರಿನ ಕಾರ್ಖಾನೆ 2018ರ ಜನವರಿಯಲ್ಲಿ ಹಳೆಯ ಮಾದರಿಯ ಕೊನೆಯ ಬೋಗಿ ಹೊರತಂದು, ಹೊಸ ಮಾದರಿಗೆ ಪೂರ್ತಿ ಹೊರಳಿಕೊಂಡಿತು ಎಂದೂ ಸೇರಿಸಿದೆ. ಅವರು ಕಿವಿಗೆ ಇಯರ್‌ಫೋನ್ ಸಿಕ್ಕಿಸಿಕೊಂಡರು. ಕಾಟ್ಪಾಡಿಯ ತನಕ ನಾನು ಕಿಟಕಿಯಾಚೆಯ ಟ್ರ್ಯಾಕ್ಟರುಗಳ ಬೆನ್ನು ನೋಡುತ್ತಾ ಕೂತೆ. ಮನುಷ್ಯರ ಮುಖ ನೋಡುವುದಕ್ಕಿಂತ ಇದು ಎಷ್ಟೋ ಮೇಲು. ಯಾವ ಮನೆಯವರು ಲಿಂಕಿಗೆ ಗ್ರೀಸ್ ಹಾಕುತ್ತಾರೆ, ಯಾರು ಸರಪಳಿಯನ್ನು ನೆಲಕ್ಕೆ ಎಳೆದಾಡಲು ಬಿಟ್ಟಿದ್ದಾರೆ ಎಂಬುದೆಲ್ಲ ಕಾಣುತ್ತದೆ.

ಹೊಂಗೆಮರದ ಅಡಿ ಟ್ರ್ಯಾಕ್ಟರು ನಿಂತಿತ್ತು. ಎಂಜಿನ್ ಆರಿಸಿ ರೋಟವೇಟರನ್ನು ನೆಲಕ್ಕೆ ಇಳಿಸಿದ್ದರು. ಮಹಡಿಯವರು ಹೇಳಿಕಳಿಸಿದ್ದ ಮೊದಲ ಮಾತೇ ಅದು: ಎತ್ತಿ ನಿಲ್ಲಿಸಿದ ಸಲಕರಣೆಯ ಕೆಳಗೆ ಕೈ ಹಾಕಕೂಡದು. ಡ್ರೈವರ್ ಹುಡುಗ ಸ್ಪ್ಯಾನರ್ ಹಿಡಿದು, ಮದ್ರಾಸಿನ ತಜ್ಞ ಯಾವಾಗ ಜೇಬಿನಿಂದ ಯಂತ್ರ ತೆಗೆಯುತ್ತಾನೋ ಎಂದು ಕಾದಿದ್ದ. ನಾನು ಕನ್ನಡಕ ತೆಗೆದೆ.

ಹತ್ತಿರದಿಂದ ನೋಡಿದರೆ ಕಂಪನಿಯನ್ನು ದೂರುವಂಥದ್ದು ಏನೂ ಇರಲಿಲ್ಲ. ಎಡಗಡೆಯ ಟರ್ನ್‌ಬಕಲ್ ತುಕ್ಕು ಹಿಡಿದು ಕಲ್ಲಾಗಿತ್ತು, ಎರಡು ಮಳೆಗಾಲದ ಕೆಮ್ಮಣ್ಣು ಅದರ ಮೈಗೆ ಮೆತ್ತಿಕೊಂಡಿತ್ತು. ಬಲಗಡೆ ಟರ್ನ್‌ಬಕಲ್ಲೂ ಇಲ್ಲ, ಮೂಲ ಸರಪಳಿಯೂ ಇಲ್ಲ. ಅಲ್ಲಿ ಎಮ್ಮೆ ಕಟ್ಟುವ ಸರಪಳಿಯನ್ನು ಬೈಂಡಿಂಗ್ ವೈರಿನಿಂದ ಸುತ್ತಿದ್ದರು. "ಎಮ್ಮೆ ಮಾರಿದ ಮೇಲೆ ಸುಮ್ನೆ ಬಿದ್ದಿತ್ತು" ಎಂದ ಅಣ್ಣ. ಹುಡುಗ ಬಲಗಡೆಯ ಲಿಂಚ್ ಪಿನ್ ಕಿತ್ತು ಲಿಂಕನ್ನು ಬಿಡಿಸಿದ. ರೋಟವೇಟರಿನ ಆ ಕಡೆಯ ಪಿನ್ನು ಯಾವಾಗಲೋ ಬಿದ್ದುಹೋಗಿ, ಅದರ ಜಾಗದಲ್ಲಿ ಗೇಟಿನ ಬೋಲ್ಟೊಂದು ಕೂತಿತ್ತು. ಲಿಂಕಿನ ಗುಂಡಿನ ತೂತು 22 ಮಿಲಿಮೀಟರ್ ಪಿನ್ನಿಗೆ ಮಾಡಿದ್ದು. ದೊಡ್ಡ ಟ್ರ್ಯಾಕ್ಟರುಗಳ ಪಿನ್ನು 28 ಮಿಲಿಮೀಟರ್. ಗೇಟಿನ ಬೋಲ್ಟು ಇವೆರಡಕ್ಕೂ ಸೇರಿದ್ದಲ್ಲ. ಅದು ತೂತಿನಲ್ಲಿ ಕಟಕಟ ಹೊಡೆದುಕೊಳ್ಳುತ್ತಾ ಗುಂಡನ್ನು ಮೊಟ್ಟೆಯಾಕಾರಕ್ಕೆ ಸವೆಸಿತ್ತು. ಹುಡುಗ ಬೋಲ್ಟನ್ನು ಅಂಗೈಯಲ್ಲಿಟ್ಟು ತೋರಿಸಿದ. ನಡುಭಾಗ ಬೆಳ್ಳಗೆ ಮಿರುಗುತ್ತಿತ್ತು, ಸೊಂಟ ಸಣ್ಣಗಾಗಿತ್ತು. "ಅದ್ಕೇ ನಮ್ ಗೇಟು ವಾಲಿರೋದು" ಎಂದರು ಅತ್ತಿಗೆ.

ಬಂಗಾರಪೇಟೆಯಿಂದ ಹೊಸ ಪಿನ್ನು, ಗುಂಡು, ಜೊತೆ ಸರಪಳಿ ಬಂದವು. ಆಮೇಲೆ ಶುರುವಾಯಿತು ನಿಜವಾದ ಪಂಚಾಯಿತಿ. ಹುಡುಗ ಹೊಂಗೆಯ ಕಡ್ಡಿ ಮುರಿದು, ಎಡಗಡೆ ಟೈರಿನ ಒಳಮೈಗೂ ಲಿಂಕಿಗೂ ನಡುವಿನ ಅಂತರ ಅಳೆದ. ಅದೇ ಕಡ್ಡಿಯನ್ನು ಬಲಗಡೆಗೆ ಹಿಡಿದ. ಎರಡೂ ಸಮನಾಗುವವರೆಗೆ ಟರ್ನ್‌ಬಕಲ್‌ಗಳನ್ನು ಆ ಕಡೆ ಈ ಕಡೆ ತಿರುವಿದೆವು. ಅಣ್ಣ ಹಿಂದಕ್ಕೆ ಹೋಗಿ ಒಂದು ಕಣ್ಣು ಮುಚ್ಚಿ ನೋಡಿ, "ಸಮ ಎಲ್ಲಿದೆ? ರೋಟವೇಟರ್ ಬಲಕ್ಕೆ ಜಾಸ್ತಿ ಚಾಚಿದೆಯಲ್ಲ" ಎಂದ. ಸಣ್ಣ ರೋಟವೇಟರುಗಳನ್ನು ಬಲಕ್ಕೆ ಸರಿಸಿ ಕೂರಿಸುವುದು ಬೇಕೆಂದೇ. ಬಲಗಡೆ ಟೈರು ತುಳಿದ ಜಾಡನ್ನಾದರೂ ಅಲಗು ಉತ್ತುಕೊಂಡು ಹೋಗಲಿ ಎಂದು. ಸರಿದಿರಬೇಕಾದದ್ದು ರೋಟವೇಟರಿನ ಮೈ, ಲಿಂಕುಗಳು ನಡುವಿಗೇ ಇರಬೇಕು. ಇದನ್ನು ನಾನು ಹೇಳಿದಾಗ ಹುಡುಗ ಮೊದಲ ಸಲ ನನ್ನನ್ನು ಮರ್ಯಾದೆಯಿಂದ ನೋಡಿದ. ಮಹಡಿಯವರ ಪೊರಕೆಯ ವಿಷಯ ಅವನಿಗೇನು ಗೊತ್ತು?

"ಇನ್ನು ಬಿಗಿ, ಎಷ್ಟಾಗ್ತದೋ ಅಷ್ಟು ಬಿಗಿ. ಒಂಚೂರೂ ಅಲ್ಲಾಡಬಾರದು" ಎಂದ ಅಣ್ಣ. ಮನೆಯಲ್ಲಿ ಸಕ್ಕರೆ ಡಬ್ಬದ ಮುಚ್ಚಳವನ್ನೂ ಅವನು ಹೀಗೇ ಹಾಕುತ್ತಾನೆ, ಆಮೇಲೆ ಯಾರಿಗೂ ತೆಗೆಯಲು ಬರುವುದಿಲ್ಲ. ಹುಡುಗ ಬಿಗಿದ. ರೋಟವೇಟರಿಗೆ ಕಾಲು ಕೊಟ್ಟು ನೂಕಿದರೂ ಮಿಸುಕಲಿಲ್ಲ. ಎಂಜಿನ್ ಶುರುಮಾಡಿ ಲಿಫ್ಟ್ ಎತ್ತಿದ. ಅರ್ಧ ಏಳುವಷ್ಟರಲ್ಲಿ ಸರಪಳಿ ಕಿರ್ರೆಂದಿತು, ಬ್ರಾಕೆಟ್ಟಿನಿಂದ ತುಕ್ಕಿನ ಪುಡಿ ಉದುರಿತು. ಹುಡುಗ ಗಾಬರಿಯಾಗಿ ಲಿವರ್ ಬಿಟ್ಟ. ಇಂಥ ಟ್ರ್ಯಾಕ್ಟರುಗಳಲ್ಲಿ ಸರಪಳಿಯ ಮುಂದಿನ ಕೊಂಡಿ ಲಿಂಕಿನ ಕೀಲಿಗಿಂತ ಕೆಳಗಿರುತ್ತದೆ. ಹಾಗಾಗಿ ಲಿಂಕು ಮೇಲಕ್ಕೆ ಎದ್ದಂತೆಲ್ಲ ಸರಪಳಿ ತಾನಾಗಿ ಬಿಗಿದುಕೊಳ್ಳುತ್ತದೆ. ನೆಲದ ಮೇಲೆ ಪೂರ್ತಿ ಬಿಗಿ ಮಾಡಿದರೆ ಮೇಲಕ್ಕೆ ಹೋಗುವಾಗ ಏನಾದರೊಂದು ಮುರಿಯಲೇಬೇಕು. ಇಳಿಸಿ ಒಮ್ಮೆ, ಎತ್ತಿ ಒಮ್ಮೆ, ಎರಡು ಸಲ ನೋಡಿಯೇ ಟರ್ನ್‌ಬಕಲ್ ನಿಲ್ಲಿಸಬೇಕು. ಮಹಡಿಯವರ ಅಳತೆ ಎರಡು ಬೆರಳು: ಕೆಲಸದ ಮಟ್ಟದಲ್ಲಿ ರೋಟವೇಟರನ್ನು ಪಕ್ಕಕ್ಕೆ ನೂಕಿದರೆ ಎರಡು ಬೆರಳಿನಷ್ಟು ಸರಿದು ನಿಲ್ಲಬೇಕು. ಯಾರ ಬೆರಳು ಎಂದು ಅಣ್ಣ ಕೇಳಿದ. ಹುಡುಗನ ಬೆರಳಿಗೆ ಒಪ್ಪಂದವಾಯಿತು. ಅಲ್ಲಿಗೆ ಲಾಕ್ ನಟ್ಟು ಬಿಗಿದೆವು.

ಇದನ್ನು ದೂರದಲ್ಲಿ ಬದುವಿನ ಮೇಲೆ ಕೂತು ನೋಡುತ್ತಿದ್ದ ನೆರೆಯ ಯಜಮಾನರೊಬ್ಬರು, "ಈಸನ್ನ ನೊಗಕ್ಕೆ ಮಿಣಿ ಹಾಕಿ ಕಟ್ತಿದ್ವಲ್ಲ, ಆಗ್ಲೂ ಹಿಂಗೇ" ಎಂದರು. ನನಗೆ ಥಟ್ಟನೆ ದೊಡ್ಡಪ್ಪ ಕಣ್ಣಮುಂದೆ ಬಂದರು. ಎತ್ತು ಹೂಡುವಾಗ ತೊಗಲಿನ ಮಿಣಿಯನ್ನು ನೀರಿನಲ್ಲಿ ನೆನೆಸಿ, ಸುತ್ತು ಹಾಕಿ, ಎಳೆದು, ಮತ್ತೆ ತುಸು ಬಿಡುತ್ತಿದ್ದರು. ಎತ್ತುಗಳು ಒಂದೇ ಹೆಜ್ಜೆ ಹಾಕುವುದಿಲ್ಲ. ಒಳಗಡೆಯದು ಹಿಂದೆ ಬೀಳುತ್ತದೆ, ಹೊರಗಡೆಯದು ಕಡಲೆ ಗಿಡ ಕಂಡರೆ ಮುಂದಕ್ಕೆ ನುಗ್ಗುತ್ತದೆ. ನೊಗ ಓರೆಯಾದರೂ ಕುಳ ನೇರ ಹೋಗಬೇಕು. ಮಿಕ್ಕದ್ದನ್ನು ಹಿಡಿಯ ಮೇಲಿನ ಕೈ ನೋಡಿಕೊಳ್ಳುತ್ತಿತ್ತು. ಐರ್ಲೆಂಡಿನವನು 1926ರಲ್ಲಿ ಪೇಟೆಂಟ್ ಪಡೆಯುವ ಹೊತ್ತಿಗೆ ನಮ್ಮ ತಾತನ ಮಿಣಿ ಎಷ್ಟನೆಯದೋ. ಹಾಗೆಂದು ಟ್ರ್ಯಾಕ್ಟರನ್ನೂ ನಾವೇ ಕಂಡುಹಿಡಿದದ್ದು ಎಂದು ಹೊರಡುವವರ ಗುಂಪಿಗೆ ನಾನು ಸೇರುವವನಲ್ಲ. ಹೈಡ್ರಾಲಿಕ್ ಪಂಪು ನಮ್ಮ ತಾತನ ಹತ್ತಿರ ಇರಲಿಲ್ಲ. ಇದ್ದಿದ್ದರೆ ಅವರು ನನ್ನ ಅಪ್ಪನನ್ನು ಶಾಲೆ ಬಿಡಿಸುತ್ತಿರಲಿಲ್ಲ.

ಮಧ್ಯಾಹ್ನಕ್ಕೆ ಹೊಲ ಇಳಿದ ರೋಟವೇಟರು ನೆಟ್ಟಗೆ ಹೋಗಿ ನೆಟ್ಟಗೆ ಬಂತು. ಮುದ್ದೆ, ಹಿತಕಿದವರೆ ಸಾರು. ಮೂಟೆ ಅವರೆಕಾಯಿ ಹೊತ್ತು ರೈಲು ಹತ್ತಿದೆ. ಮಹಡಿಯವರಿಗೆ ಪಾಲು ಕೊಟ್ಟಾಗ ಅವರು ಕೇಳಿದ್ದು ಒಂದೇ: "ಪ್ಲೌ ಹಾಕುವಾಗ ಮರೆಯದೆ ಲೂಸ್ ಮಾಡಲು ಹೇಳಿದಿರಾ?" ಹೇಳಿದ್ದೆ. ಅಣ್ಣನ ಕಿವಿಯಲ್ಲಿ, ಹುಡುಗನ ಕಿವಿಯಲ್ಲಿ, ಹೊರಡುವ ಮುನ್ನ ಮತ್ತೊಮ್ಮೆ.

ಮೊದಲ ಮಳೆ ಬಿದ್ದಾಗ ಫೋನು ಬಂತು. ನೀಲಗಿರಿ ಕಿತ್ತ ಹೊಲಕ್ಕೆ ಪಲ್ಟಿ ನೇಗಿಲು ಹಾಕಿದ್ದರು. ಅಂಥ ಹೊಲದಲ್ಲಿ ಬೊಡ್ಡೆಗಳು ಮಣ್ಣಿನಡಿ ಕಾದಿರುತ್ತವೆ, ಸಡಿಲವಿಲ್ಲದೆ ಇಳಿಯುವ ಹಾಗೇ ಇಲ್ಲ.

"ನೀನು ಹೇಳ್ದಂಗೆ ಸಡ್ಲ ಬಿಟ್ಟೆ ಕಣೋ. ಆದ್ರೂ ನೇಗಿಲು ಒಂದೇ ಮಗ್ಗುಲಿಗೆ ಎಳೀತದೆ."

"ಎಷ್ಟು ಬಿಟ್ಟೆ ಅಣ್ಣ?"

"ಆರು ಸುತ್ತು."

"ಎರಡೂ ಕಡೆ ಆರಾರು ತಾನೆ?"

ಆ ಕಡೆ ಎಂಜಿನ್ನಿನ ಸದ್ದು ಮಾತ್ರ. ಆಮೇಲೆ ಅಣ್ಣ ಯಾರನ್ನೋ ಗದರಿದ್ದು ಕೇಳಿಸಿತು: "ಲೋ, ಬಲಗಡೆ ಚೈನು ಯಾಕೋ ಬಿಟ್ಟಿಲ್ಲ?"

"ನೀವೇ ತಾನೆ, ಎಡಗಡೇದು ಆರು ಸುತ್ತು ಬಿಟ್ರೆ ಎರಡೂ ಕಡೆ ಮೂರ್ಮೂರು ಬಿಟ್ಟಂಗೆ ಲೆಕ್ಕ ಅಂದಿದ್ದು" ಎಂದ ಹುಡುಗ.